ಸಾಲದ ಮೇಲೆ ಥೀಸಿಸ್, ಹೊಲದ ಮೇಲೆ ಕಾದಂಬರಿ: ಈಜಿಪ್ಟಿನ ಹೈಕಲ್ ಕಥೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಓದುವ ಅನುಕೂಲಕ್ಕೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಈ ವಾರ ಈಜಿಪ್ಟಿಗೆ ಹೋಗೋಣ. ಪಿರಮಿಡ್ಡು, ಫೇರೋಗಳ ಈಜಿಪ್ಟ್ ಅಲ್ಲ, ನೂರು ವರ್ಷದ ಹಿಂದಿನ ಈಜಿಪ್ಟ್. ಹತ್ತಿ ಬೆಳೆಯೋ, ಸಾಲ ತೀರಿಸೋ, ಬ್ರಿಟಿಷರ ಕೈಕೆಳಗಿದ್ದ ಈಜಿಪ್ಟ್.

1913ರ ಹೊತ್ತಿಗೆ ಕೈರೋದಲ್ಲಿ ಒಂದು ಕಾದಂಬರಿ ಪ್ರಕಟವಾಯ್ತು. ಹೆಸರು 'ಝೈನಬ್'. ಹೊಲದಲ್ಲಿ ಕೂಲಿ ಮಾಡೋ ಒಬ್ಬ ಹುಡುಗಿಯ ಕಥೆ. ಪುಸ್ತಕದ ಮೇಲೆ ಬರೆದವರ ಹೆಸರಿರಲಿಲ್ಲ. ಆ ಜಾಗದಲ್ಲಿ ಎರಡೇ ಶಬ್ದ: 'ಮಿಸ್ರಿ ಫಲ್ಲಾಹ್'. ಅಂದ್ರೆ 'ಒಬ್ಬ ಈಜಿಪ್ಟಿನ ರೈತ'.

ಬರೆದಿದ್ದು ನಿಜಕ್ಕೂ ಹೊಲ ಉಳೋ ರೈತನಲ್ಲ. ಪ್ಯಾರಿಸ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದ, ಜಮೀನ್ದಾರರ ಮನೆಯ ವಕೀಲ. ಹೆಸರು ಮುಹಮ್ಮದ್ ಹುಸೇನ್ ಹೈಕಲ್. ಮುಂದೆ ಇದೇ ಮನುಷ್ಯ ಪತ್ರಿಕೆಯ ಸಂಪಾದಕನಾದ, ಶಿಕ್ಷಣ ಮಂತ್ರಿಯಾದ, ಒಂದು ಪಕ್ಷದ ಅಧ್ಯಕ್ಷನಾದ, ಈಜಿಪ್ಟಿನ ಮೇಲ್ಮನೆಗೆ ಸಭಾಪತಿಯೂ ಆದ.

ಶುರು ಮಾಡೋ ಮೊದಲು ಒಂದು ಮಾತು. 'ಹೈಕಲ್' ಅಂತ ಹುಡುಕಿದ್ರೆ ಮೊದಲು ಸಿಗೋದು ಮೊಹಮದ್ ಹಸನೈನ್ ಹೈಕಲ್. ನಾಸರ್ ಅವರ ಆಪ್ತ, 'ಅಲ್-ಅಹ್ರಾಮ್' ಪತ್ರಿಕೆಯ ಸಂಪಾದಕ, 2016ರಲ್ಲಿ ತೀರಿಕೊಂಡವರು. ಅವರು ಬೇರೆ, ಇವರು ಬೇರೆ. ನಮ್ಮ ಹೈಕಲ್ ಹುಟ್ಟಿದ್ದು 1888ರಲ್ಲಿ, ಹೋಗಿದ್ದು 1956ರಲ್ಲಿ.

ಮೊದಲು ಸಾಲದ ಕಥೆ

ನಾನು ಕಾಮರ್ಸ್ ಓದಿದವನು. ಹೈಕಲ್ ಬಗ್ಗೆ ಓದ್ತಾ ನನ್ನನ್ನ ಮೊದಲು ಹಿಡಿದು ನಿಲ್ಲಿಸಿದ್ದು ಅವರ ಕಾದಂಬರಿ ಅಲ್ಲ, ಅವರ ಪಿಎಚ್‌ಡಿ. 1912ರಲ್ಲಿ ಪ್ಯಾರಿಸ್‌ನಲ್ಲಿ ಅವರು ಒಪ್ಪಿಸಿದ ಪ್ರಬಂಧದ ವಿಷಯ ಈಜಿಪ್ಟಿನ ಸಾರ್ವಜನಿಕ ಸಾಲ. ಕವಿತೆ, ಧರ್ಮ, ತತ್ವಶಾಸ್ತ್ರ ಯಾವುದೂ ಅಲ್ಲ, ಸಾಲ!

ಯಾಕೆ ಸಾಲ ಅಂತ ತಿಳಿಬೇಕಾದ್ರೆ ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರೋದು ನಿಂತುಹೋಯ್ತು. ಜಗತ್ತಿನಲ್ಲಿ ಬೇರೆ ಎಲ್ಲೆಲ್ಲಿ ಹತ್ತಿ ಬೆಳೀತಿತ್ತೋ ಅಲ್ಲೆಲ್ಲ ಬೆಲೆ ಏರಿತು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆ ವರ್ಷಗಳಲ್ಲಿ ಬೇಡಿಕೆ ಬಂತು. ಈಜಿಪ್ಟಿಗಂತೂ ಸುಗ್ಗಿಯೋ ಸುಗ್ಗಿ. 1863ರಲ್ಲಿ ಪಟ್ಟಕ್ಕೆ ಬಂದ ದೊರೆ ಇಸ್ಮಾಯಿಲ್ ಆ ದುಡ್ಡು ಹಾಗೇ ಬರ್ತಾ ಇರುತ್ತೆ ಅಂತ ನಂಬಿದ. ರೈಲು, ಕಾಲುವೆ, ಅರಮನೆ, ಕೈರೋದಲ್ಲಿ ಒಪೆರಾ ಹೌಸು. ಇಷ್ಟಕ್ಕೂ ಯುರೋಪಿನ ಬ್ಯಾಂಕುಗಳಲ್ಲಿ ಸಾಲ. 1865ಕ್ಕೆ ಅಮೆರಿಕದ ಯುದ್ಧ ಮುಗೀತು, ಹತ್ತಿ ಬೆಲೆ ಇಳೀತು. ಸಾಲ ಮಾತ್ರ ಇಳೀಲಿಲ್ಲ.

1875ರಲ್ಲಿ ಇಸ್ಮಾಯಿಲ್ ಸೂಯೆಜ್ ಕಾಲುವೆ ಕಂಪನಿಯಲ್ಲಿದ್ದ ತನ್ನ ಷೇರುಗಳನ್ನ ಸುಮಾರು 40 ಲಕ್ಷ ಪೌಂಡಿಗೆ ಬ್ರಿಟಿಷ್ ಸರ್ಕಾರಕ್ಕೆ ಮಾರಿದ. ಅದೂ ಸಾಲಲಿಲ್ಲ. ಮರುವರ್ಷ, 1876ರಲ್ಲಿ, ಸಾಲ ಕೊಟ್ಟ ದೇಶಗಳ ಪ್ರತಿನಿಧಿಗಳು ಕೈರೋದಲ್ಲೇ ಒಂದು ಸಂಸ್ಥೆ ಕಟ್ಕೊಂಡು ಕೂತರು. ಅದರ ಹೆಸರು ಸಾರ್ವಜನಿಕ ಸಾಲದ ಕೋಶ. ದೇಶಕ್ಕೆ ಬರೋ ಕಂದಾಯ, ಸುಂಕಗಳಲ್ಲಿ ನಿಗದಿಯಾದ ಪಾಲು ನೇರ ಅಲ್ಲಿಗೇ ಹೋಗಬೇಕು. ಆಗ ಒಟ್ಟುಗೂಡಿಸಿದ ಸಾಲದ ಮೊತ್ತ 9 ಕೋಟಿ ಪೌಂಡ್ ದಾಟಿತ್ತು. 1879ರಲ್ಲಿ ಇಸ್ಮಾಯಿಲ್‌ನನ್ನ ಗಾದಿಯಿಂದ ಇಳಿಸಿದರು. 1882ರಲ್ಲಿ ಬ್ರಿಟಿಷ್ ಸೈನ್ಯ ಬಂದಿಳೀತು.

ಅಂದ್ರೆ ಈಜಿಪ್ಟಿನ ಸ್ವಾತಂತ್ರ್ಯ ಹೋಗಿದ್ದು ಯುದ್ಧಭೂಮಿಗಿಂತ ಮೊದಲು ಲೆಕ್ಕದ ಪುಸ್ತಕದಲ್ಲಿ. ಆ ಲೆಕ್ಕದ ಬಡ್ಡಿ ಕಟ್ಟಿದ್ದು ಫಲ್ಲಾಹ್, ಅಂದ್ರೆ ರೈತ. ಹೈಕಲ್ ಹುಟ್ಟೋ ಹೊತ್ತಿಗೆ ಬ್ರಿಟಿಷರು ಬಂದು ಆರು ವರ್ಷ ಆಗಿತ್ತು. ಅವರ ಊರು ನೈಲ್ ನದಿಯ ಮುಖಜ ಭೂಮಿಯ ದಖಹ್ಲಿಯಾ ಪ್ರಾಂತ್ಯದ ಕಫ್ರ್ ಘನ್ನಾಮ್. ಸುತ್ತಮುತ್ತ ಹತ್ತಿ ಹೊಲ. ಮನೆಯವರು ಜಮೀನುಳ್ಳವರು, ಊರಲ್ಲಿ ಮಾತು ನಡೆಯೋ ಜನ.

ಹುಡುಗ ಕೈರೋಗೆ ಹೋಗಿ ಕಾನೂನು ಓದಿ 1909ರಲ್ಲಿ ಪದವಿ ಪಡೆದ. ಆಗ ಕೈರೋದಲ್ಲಿ ಅವನಿಗೆ ಗುರು ಅಂತ ಸಿಕ್ಕಿದ್ದು ಅಹ್ಮದ್ ಲುತ್ಫಿ ಅಲ್-ಸಯ್ಯದ್. 'ಅಲ್-ಜರೀದಾ' ಪತ್ರಿಕೆಯ ಸಂಪಾದಕರು. ಈಜಿಪ್ಟಿನವರು ತಮ್ಮನ್ನ ಮೊದಲು ಈಜಿಪ್ಟಿನವರು ಅಂತ ಕರ್ಕೋಬೇಕು, ತುರ್ಕಿ ಸುಲ್ತಾನನ ಪ್ರಜೆಗಳು ಅಂತಲ್ಲ ಅನ್ನೋದು ಅವರ ವಾದ. ಸಂವಿಧಾನ ಬೇಕು, ಶಿಕ್ಷಣ ಬೇಕು, ಹೆಣ್ಣುಮಕ್ಕಳೂ ಓದಬೇಕು ಅನ್ನೋದು ಅವರ ಪಾಠ. ಹೈಕಲ್ ತಲೇಲಿ ಅದು ಕೊನೆವರೆಗೂ ಉಳೀತು.

ಪ್ಯಾರಿಸ್‌ನಲ್ಲಿ ಕೂತು ಬರೆದ ಹಳ್ಳಿ

ಪ್ಯಾರಿಸ್‌ನಲ್ಲಿ ಹಗಲು ಸಾಲದ ಅಂಕಿಅಂಶ ಹುಡುಕೋ ಹುಡುಗ, 1910-11ರಲ್ಲಿ ಊರಿನ ನೆನಪಿನಿಂದ ಒಂದು ಕಾದಂಬರಿ ಬರೆದ. ಅದರ ಸ್ವಲ್ಪ ಭಾಗ ಬರೆದಿದ್ದು ಲಂಡನ್ ಮತ್ತು ಜಿನೀವಾದಲ್ಲಿ.

ಕಥೆ ಹೀಗಿದೆ. ಝೈನಬ್ ಹತ್ತಿ ಹೊಲದಲ್ಲಿ ಕೂಲಿಗೆ ಹೋಗೋ ಹುಡುಗಿ. ಹೊಲದ ಧಣಿಯ ಮಗ ಹಾಮಿದ್, ಕೈರೋದಲ್ಲಿ ಓದ್ತಾ ಇರೋನು, ರಜೆಗೆ ಊರಿಗೆ ಬರ್ತಾನೆ. ಅವನ ಮನಸ್ಸಿರೋದು ಚಿಕ್ಕಂದಿನಿಂದ ಕಂಡ ಸೋದರ ಸಂಬಂಧಿ ಅಝೀಝಾ ಮೇಲೆ. ಆದ್ರೆ ಅವಳು ಪರದೆಯೊಳಗೆ. ಗುಟ್ಟಾಗಿ ಕಾಗದ ಬರೀಬಹುದೇ ಹೊರತು ಎದುರು ನಿಂತು ನಾಲ್ಕು ಮಾತಾಡೋ ಹಾಗಿಲ್ಲ. ಹಾಗಾಗಿ ಅವನ ಕಣ್ಣು ಹೊಲದಲ್ಲಿ ಮುಖ ಮುಚ್ಚದೆ ದುಡಿಯೋ ಝೈನಬ್ ಕಡೆ ಹೋಗುತ್ತೆ. ಝೈನಬ್‌ಗೆ ಇಷ್ಟ ಇರೋದು ಇಬ್ರಾಹಿಂ ಮೇಲೆ. ಅವನು ಕೂಲಿಯವರ ಮೇಸ್ತ್ರಿ, ಕೈಯಲ್ಲಿ ಕಾಸಿಲ್ಲ. ಮನೆಯವರು ಅವಳನ್ನ ಕೊಡೋದು ಸ್ವಲ್ಪ ಅನುಕೂಲವಾಗಿರೋ ಹಸನ್‌ಗೆ. ಹಸನ್ ಕೆಟ್ಟವನಲ್ಲ, ಒಳ್ಳೇ ಮನುಷ್ಯ. ಅದೇ ಝೈನಬ್‌ಗೆ ಇನ್ನೂ ಕಷ್ಟ. ಯಾರನ್ನ ದೂರೋದು?

ಇಲ್ಲಿ ಮತ್ತೆ ದುಡ್ಡಿನ ಲೆಕ್ಕ ಬರುತ್ತೆ. ಆಗ ಈಜಿಪ್ಟಿನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿ ಇತ್ತು. ಸರ್ಕಾರಕ್ಕೆ ಇಂತಿಷ್ಟು ಹಣ ಕಟ್ಟಿದ್ರೆ ವಿನಾಯಿತಿ. ಇದ್ದವರು ಕಟ್ಟಿ ತಪ್ಪಿಸ್ಕೋತಿದ್ರು, ಇಲ್ಲದವರು ಹೋಗ್ತಿದ್ರು. ಇಬ್ರಾಹಿಂ ಹತ್ರ ಆ ಹಣ ಇಲ್ಲ. ಅವನನ್ನ ಸುಡಾನಿಗೆ ಕಳಿಸ್ತಾರೆ. ಹೋಗುವಾಗ ಬಿಟ್ಟುಹೋದ ಕರವಸ್ತ್ರ ಇಟ್ಕೊಂಡು ಝೈನಬ್ ಕೊರಗ್ತಾಳೆ, ಕ್ಷಯ ಬರುತ್ತೆ, ಸಾಯ್ತಾಳೆ. ಹಾಮಿದ್ ಅಪ್ಪನಿಗೊಂದು ದೊಡ್ಡ ಕಾಗದ ಬರೆದು ಊರು ಬಿಟ್ಟು ಹೋಗ್ತಾನೆ.

ಈಗ ಓದಿದ್ರೆ ಹಳೇ ಸಿನಿಮಾ ಕಥೆ ಅನ್ಸುತ್ತೆ. ವರ್ಣನೆ ಜಾಸ್ತಿ. ಸೂರ್ಯೋದಯ, ಬೆಳದಿಂಗಳು ಅಂತ ಪುಟಗಟ್ಟಲೆ. ಫ್ರೆಂಚ್ ರೊಮ್ಯಾಂಟಿಕ್ ಲೇಖಕರನ್ನ, ಮುಖ್ಯವಾಗಿ ರೂಸೋನನ್ನ ಓದಿದ ಗುರುತು ಎದ್ದು ಕಾಣುತ್ತೆ. ಮುಂದೆ 1920ರ ದಶಕದ ಶುರುವಿನಲ್ಲಿ ರೂಸೋ ಬಗ್ಗೆ ಎರಡು ಸಂಪುಟ ಬರೆದವರೂ ಹೈಕಲ್ಲೇ. ಆದ್ರೆ ಆ ಕಾಲಕ್ಕೆ ಅದು ಹೊಸದು. ಅರಬ್ಬಿಯಲ್ಲಿ ಕಾದಂಬರಿ ಅಂದ್ರೆ ಜನ ಓದ್ತಿದ್ದದ್ದು ಜುರ್ಜಿ ಝೈದಾನ್ ಬರೆದಂಥ ಐತಿಹಾಸಿಕ ಕಥೆಗಳು, ಇಲ್ಲಾ ಫ್ರೆಂಚಿನಿಂದ ತಂದ ರೋಚಕ ಅನುವಾದಗಳು. ಕೂಲಿ ಹುಡುಗಿಯ ಮನಸ್ಸಿನಲ್ಲಿ ಏನು ನಡೀತಿದೆ ಅಂತ ಇನ್ನೂರು ಮುನ್ನೂರು ಪುಟ ಬರೆಯೋದು ಸಾಮಾನ್ಯ ಸಂಗತಿ ಆಗಿರಲಿಲ್ಲ.

ಇನ್ನೊಂದು ಧೈರ್ಯ ಭಾಷೆಯದು. ಅರಬ್ಬಿಯಲ್ಲಿ ಬರೆಯೋ ಭಾಷೆ ಬೇರೆ, ಆಡೋ ಭಾಷೆ ಬೇರೆ. ನಮ್ಮ ಗ್ರಾಂಥಿಕ ಕನ್ನಡಕ್ಕೂ ಮನೆ ಮಾತಿಗೂ ಇರೋ ದೂರಕ್ಕಿಂತ ಅದು ಇನ್ನೂ ದೊಡ್ಡದು. ಹೈಕಲ್ ಕಥೆ ಹೇಳೋ ಭಾಗನ ಗ್ರಾಂಥಿಕದಲ್ಲಿಟ್ಟು, ಹಳ್ಳಿಯವರ ಮಾತುಕತೆಗೆ ಈಜಿಪ್ಟಿನ ಆಡುನುಡಿ ಬಳಸಿದರು. ಅರಬ್ಬಿ ಸಾಹಿತ್ಯದಲ್ಲಿ ಈ ಜಗಳ ಇವತ್ತಿಗೂ ಮುಗಿದಿಲ್ಲ.

'ಅರಬ್ಬಿಯ ಮೊದಲ ಕಾದಂಬರಿ' ಅಂತ ಪಠ್ಯಪುಸ್ತಕಗಳು ಬಹಳ ಕಾಲ 'ಝೈನಬ್' ಅನ್ನೇ ಹೆಸರಿಸ್ತಿದ್ವು. ಈ ಪಟ್ಟವನ್ನ ಈಗ ಅಷ್ಟು ಸುಲಭವಾಗಿ ಯಾರೂ ಒಪ್ಪಲ್ಲ. ಉದಾಹರಣೆಗೆ, ಲೆಬನಾನ್ ಮೂಲದ ಲೇಖಕಿ ಝೈನಬ್ ಫವ್ವಾಝ್ 1899ರಲ್ಲೇ ಕಾದಂಬರಿ ಪ್ರಕಟಿಸಿದ್ದರು. ಅದಕ್ಕೂ ಹಿಂದಿನವೂ ಇವೆ. ಮೊದಲು ಬರೆದ ಹೆಂಗಸರನ್ನ ಬದಿಗಿಟ್ಟು, ಮುಂದೆ ಮಂತ್ರಿಯಾದ ಗಂಡಸನ್ನ ಮೊದಲಿಗ ಅಂತ ಕೂರಿಸಿದ್ದು ಯಾಕೆ ಅಂತ ವಿಮರ್ಶಕರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ.

ಹೆಸರು ಯಾಕೆ ಮುಚ್ಚಿಟ್ರು?

ಹೈಕಲ್ 1912ರಲ್ಲಿ ಊರಿಗೆ ಬಂದು ಮನ್ಸೂರಾ ಪಟ್ಟಣದಲ್ಲಿ ವಕೀಲಿ ಶುರು ಮಾಡಿದ್ದರು. ಕಥೆ ಬರೆಯೋನು ಅಂತ ಗೊತ್ತಾದ್ರೆ ಕಕ್ಷಿದಾರರು ಬರ್ತಾರಾ ಅನ್ನೋ ಭಯ. ಮುಂದೆ ಅವರೇ ಇದನ್ನ ಹೇಳ್ಕೊಂಡಿದ್ದಾರೆ. ಕಥೆಗಾರ ಅನ್ನೋ ಹೆಸರು ವಕೀಲನ ಹೆಸರಿಗೆ ಮಸಿ ಬಳಿಯುತ್ತೆ ಅಂತ ಅನಿಸಿತ್ತಂತೆ.

ಆದ್ರೆ ಬೇರೆ ಯಾವುದೋ ಕಾವ್ಯನಾಮ ಇಟ್ಕೋಬಹುದಿತ್ತಲ್ಲ? 'ರೈತ' ಅಂತಲೇ ಯಾಕೆ? ಆಗ ಕೈರೋದ ತುರ್ಕಿ ಮೂಲದ ದೊಡ್ಡ ಮನೆಗಳಲ್ಲಿ 'ಫಲ್ಲಾಹ್' ಅನ್ನೋದು ಬೈಗುಳ. ನಮ್ಮಲ್ಲಿ 'ಹಳ್ಳಿ ಗಮಾರ' ಅಂತಾರಲ್ಲ, ಆ ಥರ. ಆಳೋರು ತುಚ್ಛವಾಗಿ ಬಳಸೋ ಶಬ್ದವನ್ನೇ ಎದೆ ಮೇಲೆ ಹಾಕ್ಕೊಂಡು ತೋರಿಸಿದ್ದು ಅದು. ಹೌದು ಕಣ್ರೀ ರೈತ, ಏನೀಗ, ಅನ್ನೋ ಹಾಗೆ.

1929ರ ಹೊತ್ತಿಗೆ ಎರಡನೇ ಮುದ್ರಣ ಬಂದಾಗ ಪುಸ್ತಕದ ಮೇಲೆ ಅವರ ನಿಜ ಹೆಸರಿತ್ತು. 1930ರಲ್ಲಿ ಮುಹಮ್ಮದ್ ಕರೀಮ್ ಅದನ್ನ ಮೂಕಿ ಸಿನಿಮಾ ಮಾಡಿದರು. 1952ರಲ್ಲಿ ಅದೇ ನಿರ್ದೇಶಕರು ಅದೇ ಕಥೆಯನ್ನ ಟಾಕಿ ಮಾಡಿದರು.

ರೈತನ ಹೆಸರು, ಜಮೀನ್ದಾರರ ಪಕ್ಷ

ಈಗ ರಾಜಕೀಯ. 1919ರಲ್ಲಿ ಸಾದ್ ಝಗ್ಲೂಲ್ ನಾಯಕತ್ವದಲ್ಲಿ ಬ್ರಿಟಿಷರ ವಿರುದ್ಧ ಇಡೀ ಈಜಿಪ್ಟ್ ಎದ್ದುನಿಂತಿತು. ಹಳ್ಳಿಯವರು ರೈಲು ಹಳಿ ಕಿತ್ತರು, ಹೆಂಗಸರು ಬೀದಿಗೆ ಬಂದರು. ಆ ಚಳವಳಿಯಿಂದ ಬೆಳೆದಿದ್ದು ವಫ್ದ್ ಪಕ್ಷ. 1922ರ ಫೆಬ್ರವರಿಯಲ್ಲಿ ಬ್ರಿಟನ್ ಅರೆಬರೆ ಸ್ವಾತಂತ್ರ್ಯ ಘೋಷಿಸಿತು. ಸೈನ್ಯ, ಸೂಯೆಜ್, ಸುಡಾನ್ ವಿಷಯಗಳು ತನ್ನ ಕೈಯಲ್ಲೇ ಇಟ್ಕೊಂಡಿತು. 1923ರಲ್ಲಿ ಸಂವಿಧಾನ ಬಂತು.

ಝಗ್ಲೂಲ್ ಜೊತೆ ಮುನಿಸಿಕೊಂಡ ಓದಿದವರು, ಜಮೀನುಳ್ಳವರು ಸೇರಿ 1922ರಲ್ಲಿ ಬೇರೆ ಪಕ್ಷ ಕಟ್ಟಿದರು. ಹೆಸರು ಉದಾರವಾದಿ ಸಂವಿಧಾನ ಪಕ್ಷ. ಅದರ ಪತ್ರಿಕೆ 'ಅಲ್-ಸಿಯಾಸಾ', ಸಂಪಾದಕ ಹೈಕಲ್. ವಕೀಲಿ ಬಿಟ್ಟು ಕೈರೋಗೆ ಬಂದರು.

ಆ ಪತ್ರಿಕೆ ಧೈರ್ಯ ತೋರಿಸಿದ್ದುಂಟು. 1925ರಲ್ಲಿ ಅಲಿ ಅಬ್ದ್ ಅಲ್-ರಾಝಿಕ್ ಅನ್ನೋ ವಿದ್ವಾಂಸರು, ಖಲೀಫರ ಆಡಳಿತ ಇಸ್ಲಾಮಿಗೆ ಕಡ್ಡಾಯವೇನಲ್ಲ ಅಂತ ಪುಸ್ತಕ ಬರೆದರು. ಅಲ್-ಅಝ್ಹರ್ ಸಂಸ್ಥೆ ಅವರನ್ನ ವಿದ್ವಾಂಸರ ಪಟ್ಟಿಯಿಂದಲೇ ತೆಗೆದುಹಾಕಿತು. ಹೈಕಲ್ ಪತ್ರಿಕೆ ಅವರ ಪರ ನಿಂತಿತು. ಮರುವರ್ಷ ತಾಹಾ ಹುಸೇನ್ ಪ್ರಾಚೀನ ಅರಬ್ಬಿ ಕಾವ್ಯದ ಬಗ್ಗೆ ಬರೆದು ಗಲಾಟೆ ಆದಾಗಲೂ ಅಷ್ಟೇ. 1926ರಲ್ಲಿ ಶುರುವಾದ ಅದರ ವಾರಪತ್ರಿಕೆ ಅರಬ್ ಲೋಕದ ಓದುಗರಿಗೆಲ್ಲ ಬೇಕಾದ ಸಾಹಿತ್ಯ ಪತ್ರಿಕೆಯಾಯ್ತು.

ಓದುಗರಿದ್ದರು, ಮತದಾರರು ಇರಲಿಲ್ಲ. ಅದೇ ಕಷ್ಟ. 1924ರ ಮೊದಲ ಚುನಾವಣೆಯಲ್ಲೇ ವಫ್ದ್ ಗುಡಿಸಿ ಹಾಕಿತು. ಆಮೇಲೂ ಚುನಾವಣೆ ನೆಟ್ಟಗೆ ನಡೆದಾಗಲೆಲ್ಲ ಗೆದ್ದಿದ್ದು ವಫ್ದೇ. 'ಈಜಿಪ್ಟಿನ ರೈತ' ಅಂತ ಹೆಸರಿಟ್ಟುಕೊಂಡವರ ಪಕ್ಷಕ್ಕೆ ಈಜಿಪ್ಟಿನ ರೈತರೇ ಓಟು ಹಾಕಲಿಲ್ಲ. ಪಕ್ಷದಲ್ಲಿದ್ದವರು ಹಾಮಿದ್ ಥರದವರು. ರಜೆಗೆ ಊರಿಗೆ ಬಂದು, ಹೊಲ ನೋಡಿ ಮರುಗಿ, ಕೈರೋಗೆ ವಾಪಸ್ ಹೋಗೋರು.

ಓಟು ಸಿಗದ ಪಕ್ಷ ಏನು ಮಾಡುತ್ತೆ ಅಂತ 1928ರಲ್ಲಿ ಗೊತ್ತಾಯ್ತು. ಆ ವರ್ಷ ಇದೇ ಪಕ್ಷದ ಹಿರಿಯ ನಾಯಕ ಮುಹಮ್ಮದ್ ಮಹಮೂದ್ ಪ್ರಧಾನಿಯಾದರು. ಜುಲೈನಲ್ಲಿ ಸಂಸತ್ತು ವಿಸರ್ಜನೆ ಆಯ್ತು, ಮೂರು ವರ್ಷ ಚುನಾವಣೆ ಇಲ್ಲ ಅಂತ ರಾಜಾಜ್ಞೆ ಹೊರಟಿತು. ಪಕ್ಷದ ಹೆಸರಲ್ಲೇ ಸಂವಿಧಾನ ಇದೆ, ಅವರ ಸರ್ಕಾರವೇ ಸಂವಿಧಾನವನ್ನ ಅಟ್ಟದ ಮೇಲಿಟ್ಟಿತು! ಹೈಕಲ್ ಪತ್ರಿಕೆ ಇದನ್ನ ಸಮರ್ಥಿಸಿತು. ಜನ ಇನ್ನೂ ತಯಾರಾಗಿಲ್ಲ, ಮೊದಲು ಒಳ್ಳೇ ಆಡಳಿತ ಬರಲಿ, ಅನ್ನೋ ಧಾಟಿಯ ವಾದ. ಈ ಮಾತು ಬ್ರಿಟಿಷರೂ ಹೇಳ್ತಿದ್ದದ್ದೇ ಅನ್ನೋದು ನಾವು ಮರೀಬಾರದು.

ಎರಡು ವರ್ಷದಲ್ಲಿ ಅದೇ ಅಸ್ತ್ರ ಅವರ ಕಡೆಗೇ ತಿರುಗಿತು. 1930ರಲ್ಲಿ ಪ್ರಧಾನಿ ಇಸ್ಮಾಯಿಲ್ ಸಿದ್ಕಿ 1923ರ ಸಂವಿಧಾನವನ್ನೇ ರದ್ದು ಮಾಡಿ, ರಾಜನಿಗೆ ಹೆಚ್ಚು ಅಧಿಕಾರ ಕೊಡೋ ಹೊಸದೊಂದನ್ನ ತಂದರು. ಈ ಸಲ ಹೈಕಲ್ ಮತ್ತವರ ಪಕ್ಷ ವಿರೋಧಿಸಿತು, ಹಳೇ ವೈರಿ ವಫ್ದ್ ಜೊತೆಗೇ ಕೈ ಜೋಡಿಸಿತು. ಸರ್ಕಾರ ಪತ್ರಿಕೆಯ ಬಾಯಿ ಮುಚ್ಚಿಸಿತು. 1928ರಲ್ಲಿ ತಾವು ತೆರೆದ ಬಾಗಿಲಲ್ಲೇ ಸಿದ್ಕಿ ಒಳಗೆ ಬಂದದ್ದು ಅಂತ ಅವರಿಗೆ ಅನಿಸಿರಬೇಕು ಅನ್ನೋದು ನನ್ನ ಊಹೆ.

ಪ್ರವಾದಿಯ ಜೀವನಚರಿತ್ರೆ

1930ರ ದಶಕದಲ್ಲಿ ಹೈಕಲ್ ಬರವಣಿಗೆ ದಿಕ್ಕು ಬದಲಿಸಿತು. ಫೇರೋಗಳ ಈಜಿಪ್ಟು, ಫ್ರೆಂಚ್ ಚಿಂತನೆ ಅಂತಿದ್ದವರು ಪ್ರವಾದಿ ಮುಹಮ್ಮದರ ಜೀವನಚರಿತ್ರೆಗೆ ಕೈ ಹಾಕಿದರು. ಶುರುವಾಗಿದ್ದು ಫ್ರೆಂಚ್ ಲೇಖಕ ಎಮಿಲ್ ದರ್ಮಂಗೆಮ್ ಬರೆದ ಪುಸ್ತಕವನ್ನ ವಿಮರ್ಶಿಸೋ ಲೇಖನಗಳಿಂದ. 1935ರಲ್ಲಿ 'ಹಯಾತ್ ಮುಹಮ್ಮದ್' ಪುಸ್ತಕವಾಗಿ ಬಂತು. ಮುನ್ನುಡಿ ಬರೆದವರು ಅಲ್-ಅಝ್ಹರ್‌ನ ಮುಖ್ಯಸ್ಥರಾಗಿದ್ದ ಶೇಖ್ ಅಲ್-ಮರಾಘಿ. 'ಝೈನಬ್'ಗಿಂತ ಎಷ್ಟೋ ಪಾಲು ಹೆಚ್ಚು ಜನ ಓದಿದ ಪುಸ್ತಕ ಇದು. ಮರುವರ್ಷ ಹಜ್ ಯಾತ್ರೆ ಮಾಡಿ, ಅದರ ಮೇಲೊಂದು ಪುಸ್ತಕ ಬರೆದರು. ಆಮೇಲೆ ಖಲೀಫರಾದ ಅಬೂಬಕರ್, ಉಮರ್ ಅವರ ಜೀವನಚರಿತ್ರೆಗಳೂ ಬಂದವು.

ಕೆಲವರು ಇದನ್ನ ಶರಣಾಗತಿ ಅಂತಾರೆ. ಓಟಿಗಾಗಿ ಧರ್ಮದ ಕಡೆ ವಾಲಿದರು ಅನ್ನೋದು ಅವರ ಆರೋಪ. ಇನ್ನು ಕೆಲವರು ಹೇಳೋದು ಬೇರೆ: ಹೊಸ ಕಾಲದ ವಿಚಾರಗಳನ್ನ ಜನರಿಗೆ ತಲುಪಿಸಬೇಕಾದ್ರೆ ಜನರ ಭಾಷೆಯಲ್ಲೇ ಹೇಳಬೇಕು ಅಂತ ಅವರಿಗೆ ಅರ್ಥವಾಯ್ತು ಅಂತ. ಪುಸ್ತಕದಲ್ಲಿ ಪವಾಡಗಳಿಗೆ ಒತ್ತು ಕಡಿಮೆ, ಕುರಾನೇ ಪವಾಡ ಅನ್ನೋ ನಿಲುವು. ಅದಕ್ಕೇ ಸಂಪ್ರದಾಯವಾದಿಗಳಿಂದಲೂ ಟೀಕೆ ಬಂತು. 1920ರ ದಶಕದಲ್ಲಿ ಅವರ ಎಳೆ ಮಗ ತೀರಿಹೋಗಿದ್ದ, ಆ ದುಃಖದಲ್ಲಿ ಮಾಡಿದ ಪ್ರವಾಸಗಳನ್ನ 'ವಲದೀ', ಅಂದ್ರೆ 'ನನ್ನ ಮಗ' ಅನ್ನೋ ಪುಸ್ತಕದಲ್ಲಿ ಬರೆದಿದ್ದಾರೆ. ಅದನ್ನ ಗಮನಿಸಿದ್ರೆ ಈ ಬದಲಾವಣೆಯನ್ನ ಬರೀ ಓಟಿನ ಲೆಕ್ಕ ಅನ್ನೋಕೆ ನನಗೆ ಮನಸ್ಸು ಬರಲ್ಲ.

ಆಡಿಟ್ ತಂದ ಕುತ್ತು

1938ರಲ್ಲಿ ಹೈಕಲ್ ಶಿಕ್ಷಣ ಮಂತ್ರಿಯಾದರು. 1940ರಲ್ಲಿ ಮತ್ತೆ ಅದೇ ಖಾತೆ. 1942ರ ಫೆಬ್ರವರಿ 4ರಂದು ಬ್ರಿಟಿಷ್ ಟ್ಯಾಂಕುಗಳು ಅಬ್ದೀನ್ ಅರಮನೆಯನ್ನ ಸುತ್ತುವರಿದು, ವಫ್ದ್ ನಾಯಕ ನಹ್ಹಾಸ್ ಅವರನ್ನೇ ಪ್ರಧಾನಿ ಮಾಡಬೇಕು ಅಂತ ರಾಜ ಫಾರೂಕ್‌ನನ್ನ ಬಗ್ಗಿಸಿದವು. ಹೈಕಲ್ ಇದ್ದ ಪಾಳಯ ಅಧಿಕಾರದಿಂದ ಹೊರಬಿತ್ತು. 1945ರಲ್ಲಿ ಅವರು ಮೇಲ್ಮನೆಯ ಸಭಾಪತಿಯಾದರು.

ನನಗೆ ಅವರ ರಾಜಕೀಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ಸೋದು 1950ರ ಘಟನೆ. ದೇಶದ ಲೆಕ್ಕ ತಪಾಸಣಾ ಇಲಾಖೆಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಸಿಎಜಿ ಅಂತಾರಲ್ಲ, ಹೆಚ್ಚುಕಮ್ಮಿ ಆ ಥರದ ಹುದ್ದೆ. ಅವರ ಇಲಾಖೆ ಎತ್ತಿದ ಆಕ್ಷೇಪಗಳಲ್ಲಿ ಎರಡು ಬಹಳ ಬಿಸಿ. ಒಂದು, 1948ರ ಪ್ಯಾಲೆಸ್ತೀನ್ ಯುದ್ಧಕ್ಕೆ ಶಸ್ತ್ರಾಸ್ತ್ರ ಕೊಂಡ ಲೆಕ್ಕ. ಇನ್ನೊಂದು, ಒಂದು ಧರ್ಮಾಸ್ಪತ್ರೆಯ ಹಣ ರಾಜನ ಪತ್ರಿಕಾ ಸಲಹೆಗಾರ ಕರೀಮ್ ಸಾಬಿತ್ ಕೈ ಸೇರಿದ್ದು. ಎರಡೂ ದಾರಿ ಹೋಗಿ ನಿಲ್ಲೋದು ಅರಮನೆ ಬಾಗಿಲಲ್ಲಿ. ಮೇ ತಿಂಗಳಲ್ಲಿ ಮುಸ್ತಫಾ ಮರ್‌ಈ ಅನ್ನೋ ಸದಸ್ಯರು ಮೇಲ್ಮನೆಯಲ್ಲಿ ಇದನ್ನ ಎತ್ತಿದರು: ಆ ಅಧಿಕಾರಿ ರಾಜೀನಾಮೆ ಕೊಟ್ಟಿದ್ದು ಯಾಕೆ, ಸರ್ಕಾರ ಉತ್ತರ ಹೇಳಲಿ.

ಸಭಾಪತಿ ಕುರ್ಚಿಯಲ್ಲಿದ್ದ ಹೈಕಲ್ ಆ ಚರ್ಚೆಯನ್ನ ತಡೆಯಬಹುದಿತ್ತು. ನಿಯಮದ ನೆಪ ಹೇಳೋದು ಯಾವ ಸಭಾಪತಿಗೂ ಕಷ್ಟವಲ್ಲ. ಅವರು ತಡೀಲಿಲ್ಲ. ಚರ್ಚೆ ನಡೀತು, ಪತ್ರಿಕೆಗಳಲ್ಲಿ ಬಂತು, ಊರೆಲ್ಲ ಮಾತಾಯ್ತು. ಜೂನ್‌ನಲ್ಲಿ ರಾಜಾಜ್ಞೆ ಹೊರಟಿತು. ಹೈಕಲ್ ಸಭಾಪತಿ ಸ್ಥಾನ ಹೋಯ್ತು, ಮರ್‌ಈ ಮತ್ತಿತರ ಸದಸ್ಯರ ಸ್ಥಾನವೂ ಹೋಯ್ತು. ಆಗ ಅಧಿಕಾರದಲ್ಲಿದ್ದದ್ದು ಜನರಿಂದ ಗೆದ್ದು ಬಂದ ವಫ್ದ್ ಸರ್ಕಾರ. ಈ ಸಲ ರಾಜನ ಮಾತಿಗೆ ತಲೆಯಾಡಿಸಿದ್ದು ಅದು.

ಲೆಕ್ಕ ಹಾಕಿ ನೋಡಿ. 1928ರಲ್ಲಿ ಸಂಸತ್ತಿನ ಬಾಗಿಲು ಮುಚ್ಚಿದವರ ಪರ ಬರೆದ ಮನುಷ್ಯ, 1950ರಲ್ಲಿ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳೋಕೆ ಅವಕಾಶ ಕೊಟ್ಟು ಕುರ್ಚಿ ಕಳ್ಕೊಂಡ. ಒಂದು ಇನ್ನೊಂದನ್ನ ಅಳಿಸಿಹಾಕಲ್ಲ. ಎರಡನ್ನೂ ಅವರ ಖಾತೆಯಲ್ಲಿ ಬರೀಬೇಕು, ಒಂದು ಖರ್ಚಿನ ಕಡೆ, ಇನ್ನೊಂದು ಜಮೆಯ ಕಡೆ. ರಾಜ ದುಂದು ಮಾಡಿದಾಗ ಕೇಳೋರಿಲ್ಲದಿದ್ರೆ ದೇಶಕ್ಕೆ ಏನಾಗುತ್ತೆ ಅನ್ನೋದು 24ನೇ ವಯಸ್ಸಿನಲ್ಲಿ ಅವರು ಸಾಲದ ಬಗ್ಗೆ ಥೀಸಿಸ್ ಬರೆದಾಗಲೇ ಗೊತ್ತಿದ್ದ ವಿಷಯ.

ಕೊನೆಯ ವರ್ಷಗಳು

1952ರ ಜುಲೈನಲ್ಲಿ ಸೈನ್ಯದ ಅಧಿಕಾರಿಗಳು ರಾಜನನ್ನ ಓಡಿಸಿದರು. ಸೆಪ್ಟೆಂಬರ್‌ನಲ್ಲಿ ಭೂಸುಧಾರಣೆ ಬಂತು. ಒಬ್ಬರಿಗೆ 200 ಫೆದ್ದಾನ್, ಅಂದ್ರೆ ಸುಮಾರು 200 ಎಕರೆಗಿಂತ ಸ್ವಲ್ಪ ಹೆಚ್ಚು, ಅಷ್ಟೇ ಮಿತಿ. ಹೈಕಲ್ ಪಕ್ಷ ಮೂವತ್ತು ವರ್ಷದಲ್ಲಿ ಮಾಡದ್ದು ಅದು. 1953ರ ಜನವರಿಯಲ್ಲಿ ಎಲ್ಲ ಪಕ್ಷಗಳನ್ನೂ ರದ್ದು ಮಾಡಿದರು. ಸಂಸತ್ತು, ಚುನಾವಣೆ, ವಿರೋಧ ಪಕ್ಷದ ಪತ್ರಿಕೆ, ಇವೆಲ್ಲ ಜೊತೆಗೇ ಹೋದವು. ಜನರಿಗೆ ಅದರ ಬಗ್ಗೆ ಅಷ್ಟೇನೂ ಅಳು ಬರಲಿಲ್ಲ. ಯಾಕೆ ಬರಬೇಕು? ಅದನ್ನ ಕಾಪಾಡಬೇಕಾದವರೇ ಬೇಕಾದಾಗ ತೆಗೆದು, ಬೇಡವಾದಾಗ ಮುಚ್ಚಿಟ್ಟಿದ್ದರು.

ಹೈಕಲ್ ಮತ್ತೆ ಬರವಣಿಗೆಗೆ ಮರಳಿದರು. ಈಜಿಪ್ಟ್ ರಾಜಕೀಯದ ನೆನಪುಗಳನ್ನ ಸಂಪುಟಗಳಲ್ಲಿ ಬರೆದರು. ಆ ಕಾಲದ ಚರಿತ್ರೆ ಬರೆಯೋರು ಇವತ್ತಿಗೂ ಅವನ್ನ ತಿರುವಿಹಾಕ್ತಾರೆ. 1955ರಲ್ಲಿ, 'ಝೈನಬ್' ಬಂದು ನಾಲ್ಕು ದಶಕದ ಮೇಲೆ, ಇನ್ನೊಂದು ಕಾದಂಬರಿ ಪ್ರಕಟಿಸಿದರು: 'ಹಾಕಝಾ ಖುಲಿಕತ್', ಅಂದ್ರೆ 'ಅವಳು ಹುಟ್ಟಿದ್ದೇ ಹೀಗೆ'. ಈ ಸಲದ ನಾಯಕಿ ಕೂಲಿ ಹುಡುಗಿಯಲ್ಲ, ಕೈರೋದ ಅನುಕೂಲಸ್ಥ ಮನೆಯ ಹೆಂಗಸು.

1956ರ ಜುಲೈನಲ್ಲಿ ನಾಸರ್ ಸೂಯೆಜ್ ಕಾಲುವೆಯನ್ನ ರಾಷ್ಟ್ರೀಕರಣ ಮಾಡಿದರು. ಇಸ್ಮಾಯಿಲ್ ಸಾಲಕ್ಕಾಗಿ ಷೇರು ಮಾರಿ 81 ವರ್ಷ ಆಗಿತ್ತು. ಅಕ್ಟೋಬರ್ ಕೊನೆಗೆ ಇಸ್ರೇಲ್, ಬ್ರಿಟನ್, ಫ್ರಾನ್ಸ್ ದಾಳಿ ಮಾಡಿದವು. ಆ ಸೈನ್ಯಗಳು ಈಜಿಪ್ಟಿನ ನೆಲದಿಂದ ಪೂರ್ತಿ ಕಾಲು ತೆಗೆಯೋ ಮೊದಲೇ, ಡಿಸೆಂಬರ್ 8ರಂದು ಹೈಕಲ್ ತೀರಿಕೊಂಡರು.

ಅವರ ಜೀವನದಿಂದ ನಾನು ಇಟ್ಟುಕೊಂಡ ಪಾಠ ಒಂದೇ. ಬಡವರ ಕಷ್ಟ ಅರ್ಥ ಆಗೋದು ಬೇರೆ, ಅವರ ಓಟಿನ ಮೇಲೆ ನಂಬಿಕೆ ಇಡೋದು ಬೇರೆ. ಹೈಕಲ್‌ಗೆ ಮೊದಲನೆಯದು 22ನೇ ವಯಸ್ಸಿಗೇ ಬಂದಿತ್ತು. ಎರಡನೆಯದು ಬರೋ ಹೊತ್ತಿಗೆ ಬಹಳ ತಡವಾಗಿತ್ತು.

'ಝೈನಬ್' ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತೆ. ವರ್ಣನೆ ಬೇಜಾರಾದ್ರೆ ನಾಲ್ಕು ಪುಟ ಹಾರಿಸಿ ಓದಿ, ಇಬ್ರಾಹಿಂ ಸೈನ್ಯಕ್ಕೆ ಹೋಗೋ ಭಾಗ ಮಾತ್ರ ಹಾರಿಸಬೇಡಿ. ನಿಮಗೆ ಏನನ್ನಿಸ್ತು ಅಂತ ಬರೆದು ತಿಳಿಸಿ. ಮುಂದಿನ ವಾರ ಇನ್ನೊಂದು ಕಥೆ ಜೊತೆ ಸಿಗೋಣ.